ಗಂಟೆ ಬಾರಿಸುವ ತನಕ

ಮೂರರಿಂದ ಐದು ವರ್ಷದ ಹದಿನಾಲ್ಕು ಮಕ್ಕಳನ್ನು ಒಂದು ಹಾಲಿನಲ್ಲಿ ಮೂರು ತಾಸು ಕೂಡಿಸಿ ನೋಡಿ, ಆಮೇಲೆ ನನ್ನ ಸಿಟ್ಟಿನ ಬಗ್ಗೆ ಮಾತಾಡಿ. ಬನಹಟ್ಟಿಯ ನಮ್ಮ ಸಣ್ಣ ಚರ್ಚಿನಲ್ಲಿ ಶನಿವಾರದ ಚಿಣ್ಣರ ಕೂಟ ನಡೆಸುತ್ತ ಬಂದು ನನಗೆ ಒಂಬತ್ತು ವರ್ಷವಾಯಿತು. ಹೆಸರು ಮಧುಮತಿ, ಆದರೆ ಮಕ್ಕಳಿಗೂ ಅವರ ತಾಯಂದಿರಿಗೂ ನಾನು ಬರೀ ಅಕ್ಕಾರು. ಹಾಡು, ಕುಣಿತ, ಉಪ್ಪಿಟ್ಟು ಇವನ್ನೆಲ್ಲ ಯಾರು ಬೇಕಾದರೂ ನಿಭಾಯಿಸಿಯಾರು. ಕಷ್ಟ ಇರುವುದು ನಡುವಿನ ಇಪ್ಪತ್ತು ನಿಮಿಷದಲ್ಲಿ. ಮಕ್ಕಳನ್ನು ಎರಡು ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿನ ಜೊತೆ ಒಬ್ಬರು ನೆಲಕ್ಕೆ ಕೂತು, ಕಥೆ ಹೇಳಿ, ಅದರ ಬಗ್ಗೆ ಅವರನ್ನು ಮಾತಾಡಿಸಬೇಕು. ಸರಿಯಾಗಿ ಆಗಲೇ ಒಂದಕ್ಕೆ ಉಚ್ಚೆ ಬರುತ್ತದೆ, ಇನ್ನೊಂದು ಪಕ್ಕದ ಮಗುವಿನ ಕಿವಿ ಕಚ್ಚುತ್ತದೆ, ಮತ್ತೊಂದಕ್ಕೆ ಅವ್ವ ಬೇಕಾಗುತ್ತಾಳೆ.

ನಮ್ಮ ಹಿಂದಿನ ಓಣಿಯ ತುಂಬ ಮಗ್ಗದ ಶೆಡ್ಡುಗಳು. ಕರೆಂಟ್ ಇದ್ದರೆ ಅವುಗಳ ಸದ್ದಿನಲ್ಲಿ ಎದುರಿಗಿದ್ದವರ ಮಾತೂ ಕೇಳಿಸುವುದಿಲ್ಲ. ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಕರೆಂಟ್ ತೆಗೆಯುತ್ತಾರೆ. ಹಾಗಾಗಿ ನಮ್ಮ ಕೂಟವೂ ಎಂಟರಿಂದ ಹನ್ನೊಂದು. ದೇವರ ಕಥೆ ಹೇಳುವುದಕ್ಕೂ ಕರೆಂಟಿನ ವೇಳೆ ನೋಡಬೇಕಾದ ಊರು ನಮ್ಮದು.

ನನ್ನ ಗುಂಪಿನ ಏಳು ಮಕ್ಕಳ ಮುಂಗೈಗೆ ಕೆಂಪು ನೂಲು, ರೇಷ್ಮಾಳ ಗುಂಪಿನ ಏಳಕ್ಕೆ ಹಳದಿ ನೂಲು. ರೇಷ್ಮಾ ಕಾಲೇಜಿಗೆ ಹೋಗುವ ಹುಡುಗಿ, ಆ ವರ್ಷವಷ್ಟೇ ನನ್ನ ಜೊತೆ ಸೇರಿದ್ದಳು. ಅವಳ ಗುಂಪು ಯಾವಾಗಲೂ ಸಂತೆ. ನನ್ನ ಗುಂಪು ಗಪ್ಪುಚಿಪ್ಪು. ಅದಕ್ಕೆ ಕಾರಣ ನಾನೇ ಕಟ್ಟಿದ ಒಂದು ಆಟ. ಹಿತ್ತಾಳೆಯ ಒಂದು ಕೈಗಂಟೆ ಇತ್ತು. ನಾನು ಒಮ್ಮೆ ಗಂಟೆ ಬಾರಿಸಿದರೆ ಎಲ್ಲರ ಬಾಯಿಗೂ ಬೀಗ. ಕಥೆ ಮುಗಿದು ಮತ್ತೊಮ್ಮೆ ಬಾರಿಸುವ ತನಕ ಯಾರೂ ತುಟಿ ಬಿಚ್ಚಬಾರದು. ಗೆದ್ದವರಿಗೆ ಒಂದು ಪೇಪರಮೆಂಟು. ನೋಡಲು ಬಂದ ಹಿರಿಯರೆಲ್ಲ ನನ್ನ ಗುಂಪಿನ ಕಡೆ ಬೆರಳು ತೋರಿಸಿ ರೇಷ್ಮಾಳಿಗೆ ಬುದ್ಧಿ ಹೇಳುತ್ತಿದ್ದರು, ನಾನು ಏನೂ ಗೊತ್ತಿಲ್ಲದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಮಕ್ಕಳನ್ನು ಮಾತಾಡಿಸಬೇಕಾದ ಹೊತ್ತಿನಲ್ಲಿ ಅವರ ಬಾಯಿ ಮುಚ್ಚಿಸಿ ನಾನು ಹೆಸರು ಮಾಡಿದ್ದೆ, ಅದು ನನಗೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಆ ಆಟದಲ್ಲಿ ಯಾವಾಗಲೂ ಗೆಲ್ಲುವವಳು ಅನುರಾಧಾ. ನಾಲ್ಕು ವರ್ಷದ ಕೂಸು. ತಾಯಿ ಶಿವಗಂಗವ್ವ ನಮ್ಮ ಹಿಂದಿನ ಶಿದ್ರಾಮಪ್ಪನ ಶೆಡ್ಡಿನಲ್ಲಿ ಕಂಡಿಕಿ ಸುತ್ತುವ ಕೆಲಸದವಳು, ಅಂದರೆ ಲಾಳಿಯೊಳಗೆ ಕೂಡಿಸುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವುದು. ಅವರು ನಮ್ಮ ಚರ್ಚಿನವರಲ್ಲ. ಕೂಟಕ್ಕೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಹಾಗೇ, ಓಣಿಯ ನೇಕಾರ ಮನೆಗಳವು. ಹಿಂದಿನ ವರ್ಷ ಓಣಿಯ ಹಿರಿಯ ಶಿವಯೋಗೆಪ್ಪ ಬಂದು ಅರ್ಧ ತಾಸು ಕೂತು, ಹೋಗುವಾಗ, "ಮಕ್ಕಳನ್ನ ನಂಬಿ ಕಳಸ್ತೇವ್ರಿ ಅಕ್ಕಾರ, ನೋಡ್ಕೊಂಡ ಹೋಗ್ರಿ" ಎಂದಿದ್ದ. ಮಾತು ಮೆತ್ತಗೆ ಇತ್ತು. ಆದರೂ ಅಂದಿನಿಂದ ನನಗೆ ಓಣಿಯ ಬಾಯಿಗೆ ಬೀಳುವ ಭಯ ಒಳಗೇ ಕೂತಿತ್ತು.

ಆ ಶನಿವಾರ ಹತ್ತೂ ಕಾಲಿಗೆ ಗಂಟೆ ಬಾರಿಸಿದೆ. ಏಳು ಬಾಯಿ ಮುಚ್ಚಿದವು. ಕಥೆ, ಬುಟ್ಟಿಯಲ್ಲಿಟ್ಟು ಹೊಳೆಯ ಜೊಂಡಿನ ನಡುವೆ ಬಚ್ಚಿಟ್ಟ ಕೂಸಿನದು. ರಾಜನ ಸಿಪಾಯಿಗಳು ಹುಡುಕುತ್ತಿದ್ದಾರೆ, ಕೂಸು ಒಂದು ಸದ್ದು ಮಾಡಿದರೂ ಸಿಕ್ಕಿಬೀಳುತ್ತದೆ, ಆದರೆ ಅದು ಅಳಲೇ ಇಲ್ಲ ಎಂದು ಹೇಳುತ್ತಿದ್ದೆ. ಅನುರಾಧಾ ಕಣ್ಣು ಪಿಳುಕಿಸದೆ ಕೇಳುತ್ತಿದ್ದಳು. "ಎಷ್ಟ ಶ್ಯಾಣ್ಯಾ ಕೂಸು ನೋಡ್ರಿ, ಗಪ್ಪ ಕುಂತಿತ್ತು" ಎಂದು ನಾನು ಅವಳನ್ನೇ ನೋಡಿ ಹೇಳಿದೆ.

ಅಷ್ಟರಲ್ಲಿ ಹಾಲಿನ ಆ ತುದಿಯಲ್ಲಿ ರೇಷ್ಮಾಳ ಗುಂಪಿನ ಒಬ್ಬ ಬಣ್ಣದ ನೀರಿನ ಡಬ್ಬಿ ಒದ್ದ. ನೀರು ಚಾಪೆಯ ಮೇಲೆ, ಮಕ್ಕಳ ಅಂಗಿಯ ಮೇಲೆ. ಕಿರುಚಾಟ ಎದ್ದಿತು. ನನ್ನ ಕಥೆ ಕೆಟ್ಟಿತು ಎಂಬ ಸಿಟ್ಟಿನಲ್ಲಿ ಎದ್ದು ಹೋದೆ. ಚಾಪೆ ಎತ್ತಿ, ಹಿಂದಿನ ಬಾಗಿಲು ತೆಗೆದು, ಹೊರಗೆ ಝಾಡಿಸಿ ಒಣಗಲು ಹಾಕಿ ಬಂದೆ. ಬಂದವಳು ಸುಮ್ಮನಿದ್ದೆನೇ? ರೇಷ್ಮಾಳ ಎದುರು ನಿಂತು, ಮಕ್ಕಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಐದಾರು ನಿಮಿಷ ಭಾಷಣ ಮಾಡಿದೆ. ಆ ಹುಡುಗಿ ಒದ್ದೆ ಅಂಗಿ ಬಿಚ್ಚುತ್ತ ತಲೆ ತಗ್ಗಿಸಿ ಕೇಳಿಸಿಕೊಂಡಳು.

ತಿರುಗಿ ನನ್ನ ಗುಂಪಿಗೆ ಬಂದಾಗ ಹತ್ತೂ ಮೂವತ್ತೈದು. ಕೂತಿದ್ದವರು ಆರು.

ಎಣಿಸಿದೆ. ಮತ್ತೆ ಎಣಿಸಿದೆ. ಕೈ ಮೇಲೆತ್ತಿಸಿ ಕೆಂಪು ನೂಲು ಎಣಿಸಿದೆ. ಆರೇ ಇದ್ದವು.

"ಅನು ಎಲ್ಲಿ?" ಎಂದೆ. ಮಕ್ಕಳು ಆಟ ಮರೆತು ಗಲಾಟೆ ಮಾಡುತ್ತಿದ್ದರು, ಒಬ್ಬಳು ಹಿಂದಿನ ಬಾಗಿಲ ಕಡೆ ಕೈ ತೋರಿಸಿದಳು. ಬಾಗಿಲು ತೆರೆದೇ ಇತ್ತು.

"ಬಾಗಿಲಾ ಯಾಕ ಹಾಕಿಲ್ಲಬೇ ನೀ" ಎಂದು ರೇಷ್ಮಾಳ ಮೇಲೆ ಹರಿಹಾಯ್ದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಹೊರಗೆ ಒಣಗುತ್ತಿದ್ದ ಚಾಪೆ ನೋಡಿದಳು.

ಪಾಯಖಾನೆ ನೋಡಿದೆ. ನೀರಿನ ಟಾಕಿಯ ಹಿಂದೆ ನೋಡಿದೆ, ಟಾಕಿಯ ಮುಚ್ಚಳ ಎತ್ತಿ ಒಳಗೂ ನೋಡಿದೆ. ಬೆಂಚುಗಳ ಕೆಳಗೆ, ಹಾರ್ಮೋನಿಯಂ ಇಡುವ ಕಪಾಟಿನ ಸಂದಿ, ಎಲ್ಲೂ ಇಲ್ಲ.

"ಓಣಿ ಮಂದಿಗೆ ಹೇಳೂಣ್ರಿ ಅಕ್ಕಾರ. ಎಲ್ಲಾರೂ ಕೂಡಿ ಹುಡಿಕಿದ್ರ ಲಗೂನ ಸಿಗ್ತಾಳ" ಎಂದಳು ರೇಷ್ಮಾ.

"ಬಾಯಿ ಮುಚ್ಚು. ಒಬ್ಬರಿಗೆ ಗೊತ್ತಾದ್ರ ಊರಿಗೆಲ್ಲಾ ಗೊತ್ತಾಗ್ತೈತಿ. ಇಲ್ಲೇ ಎಲ್ಲ್ಯರ ಇರ್ತಾಳ."

"ಜೋರಾಗಿ ಒಮ್ಮಿ ಕೂಗರ ಕೂಗೂಣೇನ್ರಿ?"

"ನೀ ಮಕ್ಕಳನ್ನ ನೋಡ್ಕೋ" ಎಂದೆ. ಪಾಸ್ಟರ್ ಮುಧೋಳಕ್ಕೆ ಹೋಗಿದ್ದರು. ಕೇಳುವವರು ಬೇರೆ ಯಾರೂ ಇರಲಿಲ್ಲ.

ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಆಗ ನನ್ನ ತಲೆಯಲ್ಲಿ ಮೊದಲು ಬಂದದ್ದು ಅನು ಅಲ್ಲ, ಶಿವಯೋಗೆಪ್ಪ. ಅವನ ಮುಖ, ಓಣಿಯ ಹೆಂಗಸರ ಮುಖ, ಬೀಗ ಬಿದ್ದ ಚಿಣ್ಣರ ಕೂಟ. ಅದಕ್ಕೇ ಕಳ್ಳಿಯ ಹಾಗೆ ಓಣಿಗೆ ಇಳಿದೆ. ಯಾರಾದರೂ ಕಟ್ಟೆಯ ಮೇಲೆ ಕಂಡರೆ ನಡಿಗೆ ನಿಧಾನ ಮಾಡಿ, "ಆರಾಮ್ರಿ?" ಎಂದು ನಕ್ಕು ಮುಂದೆ ಹೋದೆ. ಸಂದಿಗಳಲ್ಲಿ ಬಗ್ಗಿ "ಅನೂ, ಅನೂ" ಎಂದು ಪಿಸುಗುಟ್ಟಿದೆ. ನಾಲ್ಕು ವರ್ಷದ ಕೂಸನ್ನು ಪಿಸುಗುಟ್ಟಿ ಹುಡುಕಿದವಳು ನಾನು. ಹಾಗೆ ಹತ್ತು ನಿಮಿಷ ಹೋದವು.

ಹತ್ತೂ ನಲವತ್ತೈದಕ್ಕೆ ಶಿದ್ರಾಮಪ್ಪನ ಶೆಡ್ಡಿನ ಮೆಟ್ಟಿಲ ಮೇಲೆ ಗುಲಾಬಿ ಬಣ್ಣದ ಒಂದು ಸಣ್ಣ ಚಪ್ಪಲಿ ಕಂಡಿತು. ಒಂದೇ ಒಂದು. ಬಾಗಿಲು ಗಾಳಿಗೆಂದು ಅರೆ ತೆರೆದಿತ್ತು.

ಒಳಗೆ ಕತ್ತಲು. ಎರಡು ಸಾಲಿನಲ್ಲಿ ಹದಿನಾರು ಮಗ್ಗ. ನೇಕಾರರು ಊಟಕ್ಕೆ ಮನೆಗೆ ಹೋಗಿದ್ದರು. ಈ ಓಣಿಯವರಿಗೆ ಒಂದು ರೂಢಿ ಇದೆ, ನನಗೂ ಗೊತ್ತಿದ್ದದ್ದೇ. ಕರೆಂಟ್ ಹೋದಾಗ ಮಗ್ಗದ ಹಿಡಿಕೆಯನ್ನು ಎಳೆದ ಹಾಗೆಯೇ ಬಿಟ್ಟು ಹೋಗುತ್ತಾರೆ. ಕರೆಂಟ್ ಬಂದ ಕ್ಷಣ ಮಗ್ಗ ತಾನೇ ನಡೆಯಲಿ, ಒಂದು ನಿಮಿಷವೂ ದಂಡವಾಗುವುದು ಬೇಡ ಎಂದು. ಮೋಟರಿನಿಂದ ಮಗ್ಗಕ್ಕೆ ಸುತ್ತಿದ ಪಟ್ಟಾಗಳು ಮೊಣಕಾಲಿಗಿಂತ ಕೆಳಗೆ ತಿರುಗುತ್ತವೆ. ದೊಡ್ಡವರ ಸೀರೆ, ಧೋತರ ಸಿಕ್ಕ ಸುದ್ದಿಯನ್ನೇ ಕೇಳಿದ್ದೆ. ಅನುವಿನ ಎರಡು ಜಡೆ ಕಣ್ಣ ಮುಂದೆ ಬಂದವು.

ಹನ್ನೊಂದಕ್ಕೆ ಬರಬೇಕಾದ ಕರೆಂಟ್ ಎಷ್ಟೋ ಸಲ ಹತ್ತು ನಿಮಿಷ ಮೊದಲೇ ಬರುತ್ತದೆ.

ಆಗ ಓಡಿದೆ. ಓಣಿಯ ತುದಿಯ ಮನೆಯಲ್ಲಿ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಹೇಳಿದಾಗ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಯಾವಾಗಿಂದ ಕಾಣವಲ್ಲಳ್ರಿ?"

"ಈಗಿನ್ನ" ಎಂದೆ. ಅದು ಸುಳ್ಳು.

ಅವಳು ನನ್ನನ್ನು ದಾಟಿ ಹೋದಳು. ಹೋಗುತ್ತ ಪಕ್ಕದ ಶೆಡ್ಡಿನ ಗುರುಪಾದನಿಗೆ, "ಅಣ್ಣಾ, ಅನು ಮಗ್ಗದಾಗ ಹೊಕ್ಕಾಳ, ಮೇನ್ ತಗಿ" ಎಂದು ಕೂಗಿದಳು. ಗುರುಪಾದ ಉಣ್ಣುವ ತಾಟು ಬಿಟ್ಟು ಓಡಿ ಬಂದ. ಮೇನ್ ಸ್ವಿಚ್ಚು ಇದ್ದದ್ದು ಶೆಡ್ಡಿನ ಮೂಲೆಯ ಸಣ್ಣ ಖೋಲಿಯಲ್ಲಿ. ಅದಕ್ಕೆ ಬೀಗ. ಕೀಲಿ ಶಿದ್ರಾಮಪ್ಪನ ಕಿಸೆಯಲ್ಲಿ, ಶಿದ್ರಾಮಪ್ಪ ಸೀರೆ ಮುಟ್ಟಿಸಲು ರಬಕವಿಗೆ ಹೋಗಿದ್ದ. ಗುರುಪಾದ ಕಬ್ಬಿಣದ ಸಲಾಕೆ ತರಲು ತನ್ನ ಶೆಡ್ಡಿಗೆ ಓಡಿದ.

ಶಿವಗಂಗವ್ವ ಮೊದಲನೆಯ ಮಗ್ಗದಿಂದ ಹಿಡಿಕೆ ಹಿಂದಕ್ಕೆ ತಳ್ಳುತ್ತ ಹೊರಟಳು. ಹಿಡಿಕೆ ತಳ್ಳಿದರೆ ಮಗ್ಗವಷ್ಟೇ ನಿಲ್ಲುತ್ತದೆ, ಪಟ್ಟಾ ನಿಲ್ಲಬೇಕಾದರೆ ಮೇನ್ ತೆಗೆಯಲೇಬೇಕು. ಒಂದು, ಎರಡು, ಮೂರು. ತಳ್ಳುತ್ತಲೇ "ಅನೂ, ಬಾ ಯವ್ವಾ, ಹೊರಗ ಬಾ" ಎಂದು ಕರೆಯುತ್ತಿದ್ದಳು. ನಾನು ಮೊಬೈಲ್ ಬೆಳಕು ಹಿಡಿದು ಮೊಣಕಾಲ ಮೇಲೆ ಮಗ್ಗಗಳ ಕೆಳಗೆ ಹುಡುಕಿದೆ. ಕೆಳಗೆಲ್ಲ ಬುಟ್ಟಿಗಳು, ನೂಲಿನ ಕಸ, ಹರಿದ ಸೀರೆಯ ತುಂಡುಗಳು. "ಅನೂ" ಎಂದು ಈಗ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಉತ್ತರ ಇಲ್ಲ.

"ಇಲ್ಲಿ ಇಲ್ಲೇನೋ" ಎಂದೆ.

"ಇಲ್ಲೇ ಅದಾಳ್ರಿ. ನನ್ ಜೋಡಿ ದಿನಾ ಇಲ್ಲೇ ಇರ್ತಾಳ, ಬ್ಯಾರೆ ಎಲ್ಲಿ ಹೋಗ್ತಾಳ" ಎಂದ ಶಿವಗಂಗವ್ವ ತಟ್ಟನೆ ನಿಂತಳು. "ಅಕ್ಕಾರ, ನೀವು ಇವತ್ತ ಗಂಟಿ ಬಾರ್ಸೀರೇನ್ರಿ?"

"ಗಂಟಿ?"

"ಮನ್ಯಾಗೂ ಅಕಿದು ಅದ ಆಟ. ಉಣ್ಣಾಕ ಕರದ್ರೂ ಬಾಯಿ ಬಿಡೂದಿಲ್ಲ. ಗಂಗಾಳ ಬಾರ್ಸಿದ್ರ, ಅದು ಅಕ್ಕಾರ ಗಂಟಿ ಅಲ್ಲ ಅಂತ ತಲಿ ಅಲ್ಲಾಡಸ್ತಾಳ. ನೀವು ಗಂಟಿ ಬಾರ್ಸಿ ಆಟ ಮುಗಿಸೀರಿಲ್ಲೋ?"

ಮುಗಿಸಿರಲಿಲ್ಲ. ಕಥೆಯ ನಡುವೆ ಎದ್ದು ಹೋಗಿದ್ದೆ. ಉಳಿದ ಆರು ಮಕ್ಕಳು ಮರೆತಿದ್ದರು. ಅನುವಿನ ಪಾಲಿಗೆ ಆಟ ಇನ್ನೂ ನಡೆದಿತ್ತು. ಬುಟ್ಟಿಯ ಕೂಸು ಸದ್ದು ಮಾಡಬಾರದು, ಗಂಟೆ ಬಾರಿಸುವ ತನಕ ಮಾತಾಡಬಾರದು. ಅವ್ವ ಕರೆದರೂ, ಅಕ್ಕಾರು ಕೂಗಿದರೂ.

ಈ ವಯಸ್ಸಿನಲ್ಲಿ, ಈ ಭಾರದ ದೇಹ ಹೊತ್ತು, ಗಂಟೆಗಾಗಿ ಚರ್ಚಿಗೆ ಹೇಗೆ ಓಡಿದೆನೋ ಗೊತ್ತಿಲ್ಲ. ರೇಷ್ಮಾ ಹದಿಮೂರು ಮಕ್ಕಳನ್ನು ತನ್ನ ಸುತ್ತ ಕೂಡಿಸಿಕೊಂಡು ಹಾಡು ಹೇಳಿಸುತ್ತಿದ್ದಳು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ನೆಟ್ಟಗಿತ್ತು. ಗಂಟೆ ಎತ್ತಿಕೊಂಡು ತಿರುಗಿದೆ. ಗಡಿಯಾರ ಹತ್ತೂ ಐವತ್ತೆರಡು ತೋರಿಸುತ್ತಿತ್ತು.

ಶೆಡ್ಡಿನ ಮೆಟ್ಟಿಲಿಗೆ ಕಾಲಿಟ್ಟಾಗ ಕರೆಂಟ್ ಬಂತು.

ಮೊದಲು ಓಣಿಯ ಆ ತುದಿಯಲ್ಲಿ, ಆಮೇಲೆ ಪಕ್ಕದಲ್ಲಿ, ಆಮೇಲೆ ಎಲ್ಲ ಕಡೆ. ಒಳಗೆ ದೀಪ ಹತ್ತಿದವು, ಹದಿನಾರು ಮೋಟರು ಒಮ್ಮೆಲೇ ಎದ್ದವು. ಶಿವಗಂಗವ್ವ ಹನ್ನೆರಡು ಹಿಡಿಕೆ ತಳ್ಳಿದ್ದಳು. ಕೊನೆಯ ನಾಲ್ಕು ಮಗ್ಗ ತಾವೇ ನಡೆಯತೊಡಗಿದವು. ಲಾಳಿಗಳು ಆ ಕಡೆ ಈ ಕಡೆ ಬಡಿಯುತ್ತಿದ್ದವು. ನಾನು ಗಂಟೆ ಬಾರಿಸಿದೆ. ನನ್ನ ಕೈಯಲ್ಲಿದ್ದ ಗಂಟೆ ನನಗೇ ಕೇಳಿಸಲಿಲ್ಲ.

ಬಾರಿಸುತ್ತಲೇ ಸಾಲಿನ ನಡುವೆ ನಡೆದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನೆಲದ ಹತ್ತಿರ ಬಗ್ಗಿ, ಒಂದೊಂದು ಮಗ್ಗದ ಬುಡದಲ್ಲಿ ಗಂಟೆ ಅಲ್ಲಾಡಿಸಿದೆ. ಬಾಯಲ್ಲಿ ದೇವರ ಹೆಸರೂ ಬರಲಿಲ್ಲ, "ಆತವ್ವ, ಆಟ ಮುಗೀತವ್ವ" ಎಂದಷ್ಟೇ ಹೇಳುತ್ತಿದ್ದೆ.

ಹದಿನಾಲ್ಕನೆಯ ಮಗ್ಗ ನಡೆಯುತ್ತಿತ್ತು. ಅದರ ಕೆಳಗೆ, ಗೋಡೆಯ ಕಡೆ, ಒಂದು ಕಂಡಿಕಿ ಬುಟ್ಟಿ. ಮೇಲೆ ಹೊದಿಸಿದ ಸೀರೆಯ ತುಂಡು ಸರಿಯಿತು. ಎರಡು ಕಣ್ಣು ಕಂಡವು. ಮಗ್ಗದ ಸದ್ದಿಗೆ ಹೆದರುವ ಕೂಸಲ್ಲ ಅದು, ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ ಸದ್ದು. ಅವಳ ಕಣ್ಣು ನನ್ನ ಮುಖದ ಮೇಲೆ ಇರಲಿಲ್ಲ, ಗಂಟೆಯ ಮೇಲಿತ್ತು. ಗಂಟೆ ಅಲ್ಲಾಡುವುದನ್ನು ನೋಡಿದಳು, ಮುಖ ಅರಳಿತು, ಏನೋ ಹೇಳಲು ಬಾಯಿ ತೆರೆದು ಬುಟ್ಟಿಯಿಂದ ಏಳತೊಡಗಿದಳು. ಅವಳ ತಲೆಯಿಂದ ಒಂದು ಗೇಣು ದೂರದಲ್ಲಿ ಪಟ್ಟಾ ತಿರುಗುತ್ತಿತ್ತು.

ನಾನು ಕಿರುಚಿದೆ. ಅದು ಯಾರಿಗೂ ಕೇಳಿಸಲಿಲ್ಲ.

ನನ್ನ ಪಕ್ಕದಲ್ಲಿ ಶಿವಗಂಗವ್ವ ನೆಲಕ್ಕೆ ಮಲಗಿದ ಹಾಗೆ ಬಗ್ಗಿದ್ದಳು. ಅವಳು ಕಿರುಚಲಿಲ್ಲ. ಹಿಟ್ಟು ಹತ್ತಿದ ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ನಿಧಾನವಾಗಿ ನೆಲದ ಕಡೆ ಒತ್ತಿದಳು. ಮಗ್ಗದ ಮನೆಗಳಲ್ಲಿ ಬಾಯಿಗಿಂತ ಕೈಯೇ ಹೆಚ್ಚು ಮಾತಾಡುತ್ತದೆ. ನೂಲು ಕಡಿಯಿತು, ಕಂಡಿಕಿ ಮುಗಿಯಿತು, ಚಹಾ ಬಂತು, ಎಲ್ಲಕ್ಕೂ ಒಂದೊಂದು ಸನ್ನೆ. ಅಲ್ಲಿಯ ಮಕ್ಕಳು ಮಾತಿಗಿಂತ ಮೊದಲು ಅದನ್ನೇ ಕಲಿಯುತ್ತಾರೆ. ಇದು, ಅಲ್ಲಾಡಬೇಡ, ಇದ್ದಲ್ಲೇ ಕೂಡು ಎಂಬ ಸನ್ನೆ.

ಅನು ಅರ್ಧ ಎದ್ದವಳು ಹಾಗೆಯೇ ತಡೆದಳು. ತಾಯಿಯ ಕೈ ನೋಡಿದಳು. ಮತ್ತೆ ಬುಟ್ಟಿಯಲ್ಲಿ ಕುಕ್ಕರಿಸಿ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಶಿವಗಂಗವ್ವ ಕೈ ಹಿಂದಕ್ಕೆ ತೆಗೆಯಲಿಲ್ಲ. ಅಂಗೈ ಹಾಗೆಯೇ ಕೆಳಗಿತ್ತು. ಅನುವಿನ ಒಂದು ಜಡೆ ಬುಟ್ಟಿಯ ಅಂಚಿನ ಹೊರಗೆ ಜೋತಾಡುತ್ತಿತ್ತು, ಪಟ್ಟಾದ ಗಾಳಿಗೆ ಅದರ ತುದಿ ಅಲ್ಲಾಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಗುರುಪಾದ ಆಮೇಲೆ ಎರಡು ನಿಮಿಷವೂ ಆಗಿರಲಿಲ್ಲ ಎಂದ. ಅವನು ಆಗಿನಿಂದ ಮೀಟುತ್ತಲೇ ಇದ್ದ ಸಲಾಕೆಗೆ ಕೊನೆಗೂ ಬೀಗ ಮುರಿಯಿತು. ದೀಪ ಆರಿದವು, ಮೋಟರುಗಳು ನಿಧಾನಕ್ಕೆ ನಿಂತವು.

ಶೆಡ್ಡಿನೊಳಗೆ ಸದ್ದು ತಗ್ಗಿತು. ಬುಟ್ಟಿಯೊಳಗಿನಿಂದ ಮಾತು ಬಂತು.

"ಅಕ್ಕಾರ, ನಾ ಗೆದ್ನಿಲ್ರಿ?"

ತಾಯಿ ಅವಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಆಮೇಲೆ ಬೆನ್ನ ಮೇಲೆ ಒಂದು ಗುದ್ದಿದಳು, ಮತ್ತೆ ಒತ್ತಿಕೊಂಡಳು. ಕೂಸಿನ ತಲೆಯ ತುಂಬ ಜೋಳದ ಹಿಟ್ಟು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಬಾಗಿಲಲ್ಲಿ ಜನ ಸೇರಿದ್ದರು, ಶಿವಯೋಗೆಪ್ಪನೂ ಇದ್ದ.

"ಅಕ್ಕಾರ ತಕ್ಷಣ ಬಂದ ಹೇಳಿದ್ರು, ಅದಕ್ಕ ಉಳೀತು" ಎಂದು ಶಿವಗಂಗವ್ವ ಅವರಿಗೆ ಹೇಳುತ್ತಿದ್ದಳು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮಾತು ನನಗೆ ತಡೆಯಲಿಲ್ಲ.

"ತಕ್ಷಣ ಬರಲಿಲ್ಲ ಶಿವಗಂಗವ್ವ" ಎಂದೆ. "ಬಾಗಲಾ ತಗದ ಬಿಟ್ಟಾಕಿ ನಾನ. ಹತ್ತ ನಿಮಿಷ ಯಾರಿಗೂ ಹೇಳಲಿಲ್ಲ. ಮಂದಿ ಏನಂತಾರ ಅಂತ ಸದ್ದ ಮಾಡದ ಹುಡಿಕ್ಯಾಡಿದೆ. ನಿನಗ ಸುಳ್ಳ ಹೇಳಿದೆ."

ಅವಳು ಕೂಸಿನ ತಲೆಯ ಮೇಲಿನ ಹಿಟ್ಟು ಝಾಡಿಸಿದಳು. ಬೈದಿದ್ದರೆ ಒಳ್ಳೆಯದಿತ್ತು.

"ಕೂಗಬೇಕಾಗಿತ್ರಿ ಅಕ್ಕಾರ" ಎಂದಳು. "ಒಮ್ಮಿ ಕೂಗಿದ್ರ ಓಣಿ ಬರ್ತಿತ್ತು."

ಕೂಸನ್ನು ಎತ್ತಿಕೊಂಡು ಹೋದಳು. ಶಿವಯೋಗೆಪ್ಪ ಮುರಿದ ಬೀಗ ಎತ್ತಿ ಕಿಟಕಿಯಲ್ಲಿ ಇಟ್ಟ.

ಮುಂದಿನ ಶನಿವಾರ ಯಾರೂ ಬರುವುದಿಲ್ಲ ಎಂದುಕೊಂಡೇ ಉಪ್ಪಿಟ್ಟಿಗೆ ರವೆ ಹುರಿದೆ. ಒಬ್ಬೊಬ್ಬರಾಗಿ ಹದಿಮೂರು ಮಕ್ಕಳು ಬಂದರು. ಏಳನೆಯ ಕೆಂಪು ನೂಲನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲು ನೋಡುತ್ತಿದ್ದೆ. ಒಂಬತ್ತರ ಮೇಲೆ ಶಿವಗಂಗವ್ವ ಅನುವಿನ ಕೈ ಹಿಡಿದು ಬಂದಳು. ಬಿಟ್ಟು ಹೋಗಲಿಲ್ಲ, ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಳು. ನಾನು ಅನುವಿನ ಮುಂಗೈಗೆ ನೂಲು ಕಟ್ಟಿದೆ.

ಹತ್ತೂ ಕಾಲಿಗೆ ಗುಂಪು ಮಾಡಿದೆವು. ಗಂಟೆ ಕಪಾಟಿನಲ್ಲಿತ್ತು, ತೆಗೆಯಲಿಲ್ಲ. "ಇವತ್ತ ಹೊಸಾ ಆಟ" ಎಂದೆ. "ಒಬ್ಬೊಬ್ಬರ ಎದ್ದ ನಿಂತು ನಿಮ್ಮ ಹೆಸರ ಕೂಗಬೇಕು. ಯಾರ ದನಿ ಹಿಂದಿನ ಓಣಿಗೆ ಕೇಳತೈತಿ ಅವರಿಗೆ ಪೇಪರಮೆಂಟು." ಆರು ಮಕ್ಕಳು ಕೂಗಿದರು. ಹಾಲಿನ ಆ ತುದಿಯಿಂದ ರೇಷ್ಮಾ ಹುಬ್ಬೇರಿಸಿ ನೋಡಿದಳು. ನನ್ನ ಗುಂಪಿನಲ್ಲಿ ಅಂಥ ಗದ್ದಲ ಅವಳು ಕಂಡಿರಲಿಲ್ಲ.

ಅನುವಿನ ಸರದಿ ಬಂತು. ಎದ್ದು ನಿಂತಳು, ತುಟಿ ಬಿಗಿ ಹಿಡಿದಿದ್ದಳು. ಗಂಟೆಗಾಗಿ ನನ್ನ ಕೈ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಬಾಗಿಲಲ್ಲಿದ್ದ ತಾಯಿಯನ್ನು ನೋಡಿದಳು. ಶಿವಗಂಗವ್ವ ಬಲಗೈ ಎತ್ತಿ, ಅಂಗೈ ಮೇಲೆ ಮಾಡಿ, ಮೆಲ್ಲಗೆ ಮೇಲಕ್ಕೆತ್ತಿದಳು.

"ಅನುರಾಧಾ" ಎಂದು ಕೂಗಿದಳು ನೋಡಿ ಆ ಕೂಸು. ಅಷ್ಟು ದಿನ ಕೂಡಿಟ್ಟದ್ದೆಲ್ಲ ಅದರಲ್ಲಿತ್ತು.

ಹಿಂದಿನ ಓಣಿಯಲ್ಲಿ ಒಂದು ಬಾಗಿಲು ಸದ್ದಾಯಿತು, ಆಮೇಲೆ ಚಪ್ಪಲಿಗಳ ಸದ್ದು. ಗುರುಪಾದ ತೊಯ್ದ ಕೈಯಲ್ಲೇ ಓಡಿ ಬಂದ, ಅವನ ಹಿಂದೆ ಶಿದ್ರಾಮಪ್ಪ, ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದ ಇಬ್ಬರು ಹೆಂಗಸರು, ಕೋಲು ಊರಿಕೊಂಡು ಶಿವಯೋಗೆಪ್ಪ. "ಏನಾತ್ರಿ ಅಕ್ಕಾರ, ಏನಾತು?" ಎಂದು ಏದುಸಿರು ಬಿಡುತ್ತ ಎಲ್ಲರೂ ಹಿಂದಿನ ಬಾಗಿಲಲ್ಲಿ ನಿಂತರು. ನಾನು ಗೋಡೆಯ ಗಡಿಯಾರ ನೋಡಿದೆ. ಅವಳು ಕೂಗಿ ಒಂದು ನಿಮಿಷವೂ ಆಗಿರಲಿಲ್ಲ.